ಹತ್ತು ವರ್ಷ ಕ್ಲಬ್, ಹನ್ನೆರಡು ಫೈನಲ್: ಇಂಡಿಯಾನಾದ ಸಾಕರ್ ಕೋಚ್ ಜೆರ್ರಿ ಯೇಗ್ಲಿ

ಅಮೆರಿಕದ ಕಾಲೇಜು ಸಾಕರ್ (ನಾವು ಫುಟ್‌ಬಾಲ್ ಅನ್ನುವ ಆಟ) ಬಗ್ಗೆ ಮಾತು ಬಂದಾಗಲೆಲ್ಲ ಜೆರ್ರಿ ಯೇಗ್ಲಿ ಅವರ ಹೆಸರಿನ ಜೊತೆ ಒಂದು ಲೆಕ್ಕವೂ ಬರುತ್ತದೆ. 544 ಗೆಲುವು, 101 ಸೋಲು, 45 ಡ್ರಾ. ಆರು ಸಲ ರಾಷ್ಟ್ರೀಯ ಚಾಂಪಿಯನ್. 1973ರಿಂದ 2003ರವರೆಗೆ 31 ಸೀಸನ್, ಅದರಲ್ಲಿ ಗೆಲುವಿಗಿಂತ ಸೋಲು ಜಾಸ್ತಿಯಾದ ಸೀಸನ್ ಒಂದೂ ಇಲ್ಲ.

ಲೆಕ್ಕ ಸರಿಯಾಗಿಯೇ ಇದೆ. ಆದರೆ ಯೇಗ್ಲಿ ಇಂಡಿಯಾನಾ ವಿಶ್ವವಿದ್ಯಾಲಯಕ್ಕೆ ಬಂದದ್ದು 1963ರಲ್ಲಿ. ಅಲ್ಲಿಂದ 1973ರವರೆಗಿನ ಹತ್ತು ವರ್ಷದ ಒಂದು ಪಂದ್ಯವೂ ಈ ಲೆಕ್ಕದಲ್ಲಿ ಸೇರಿಲ್ಲ. ನನ್ನ ಮಟ್ಟಿಗೆ ಈ ಕಥೆಯ ಜೀವ ಇರುವುದೇ ಆ ಹತ್ತು ವರ್ಷದಲ್ಲಿ. ಅದನ್ನು ಬಿಟ್ಟು ಆರು ಕಪ್‌ಗಳನ್ನು ಮಾತ್ರ ನೋಡಿದರೆ ಈ ಮನುಷ್ಯ ಏನು ಕಟ್ಟಿದರು ಅನ್ನುವುದು ಅರ್ಥವಾಗುವುದಿಲ್ಲ.

ಕ್ಲಬ್ ಬೇರೆ, ವಾರ್ಸಿಟಿ ಬೇರೆ

ಮೊದಲು ಅಲ್ಲಿನ ವ್ಯವಸ್ಥೆ ಸ್ವಲ್ಪ ತಿಳಿದುಕೊಳ್ಳಬೇಕು. ಅಮೆರಿಕದ ವಿಶ್ವವಿದ್ಯಾಲಯಗಳಲ್ಲಿ ಒಂದು ಆಟಕ್ಕೆ ಎರಡು ಬಗೆಯ ತಂಡ ಇರಬಹುದು. ಕ್ಲಬ್ ತಂಡ ಅಂದರೆ ಆಸಕ್ತಿ ಇರುವ ಹುಡುಗರು ಸೇರಿ ಆಡುವುದು. ಖರ್ಚಿನ ದೊಡ್ಡ ಪಾಲು ಅವರದೇ, ಓಡಾಟವೂ ಅವರದೇ. ವಾರ್ಸಿಟಿ ತಂಡ ಅಂದರೆ ವಿಶ್ವವಿದ್ಯಾಲಯದ ಅಧಿಕೃತ ತಂಡ. ಅದಕ್ಕೆ ಬಜೆಟ್ ಇರುತ್ತದೆ, ಆಟಗಾರರಿಗೆ ವಿದ್ಯಾರ್ಥಿವೇತನ ಸಿಗುತ್ತದೆ. ಎಲ್ಲಕ್ಕಿಂತ ಮುಖ್ಯವಾಗಿ, ಕಾಲೇಜು ಕ್ರೀಡೆಗಳ ರಾಷ್ಟ್ರೀಯ ಸಂಸ್ಥೆ ಎನ್‌ಸಿಎಎ ನಡೆಸುವ ಟೂರ್ನಿಯ ಬಾಗಿಲು ತೆರೆಯುವುದು ವಾರ್ಸಿಟಿ ತಂಡಕ್ಕೆ ಮಾತ್ರ. ಕ್ಲಬ್ ತಂಡ ಎಷ್ಟೇ ಚೆನ್ನಾಗಿ ಆಡಲಿ, ಆ ಟೂರ್ನಿಯಲ್ಲಿ ಅದಕ್ಕೆ ಜಾಗ ಇಲ್ಲ.

ನಮ್ಮ ಕಾಲೇಜುಗಳಲ್ಲಿ ಒಬ್ಬ ಫಿಸಿಕಲ್ ಡೈರೆಕ್ಟರ್ ಎಲ್ಲ ಆಟವನ್ನೂ ನೋಡಿಕೊಳ್ಳುತ್ತಾರೆ, ಅಲ್ವಾ? ಯೇಗ್ಲಿ ಇಂಡಿಯಾನಾಕ್ಕೆ ಬಂದಾಗ ಅವರ ಸ್ಥಿತಿ ಹೆಚ್ಚುಕಡಿಮೆ ಅದಕ್ಕೆ ಹತ್ತಿರ. ಕೆಲಸ ದೈಹಿಕ ಶಿಕ್ಷಣದ ಪಾಠ ಮಾಡುವುದು, ಅದರ ಜೊತೆಗೆ ಸಾಕರ್ ಕ್ಲಬ್ ನೋಡಿಕೊಳ್ಳುವುದು.

ಬಂದ ಊರು ಬ್ಲೂಮಿಂಗ್ಟನ್. ಇಂಡಿಯಾನಾ ಬಾಸ್ಕೆಟ್‌ಬಾಲ್ ರಾಜ್ಯ. ಅಲ್ಲಿ ಆ ಆಟದ ಹುಚ್ಚು ಎಷ್ಟೆಂದರೆ ಹಳ್ಳಿ ಶಾಲೆಯ ಪಂದ್ಯಕ್ಕೂ ಊರೇ ಸೇರುತ್ತದೆ. ಈಜಿನ ಕೋಚ್ ಡಾಕ್ ಕೌನ್ಸಿಲ್‌ಮನ್ ಆಗಲೇ ಅಲ್ಲಿದ್ದರು. ಅವರ ತಂಡ 1968ರಿಂದ 1973ರವರೆಗೆ ಸತತ ಆರು ವರ್ಷ ರಾಷ್ಟ್ರೀಯ ಚಾಂಪಿಯನ್ ಆಯಿತು. 1971ರಲ್ಲಿ ಬಾಸ್ಕೆಟ್‌ಬಾಲ್ ಕೋಚ್ ಆಗಿ ಬಾಬ್ ನೈಟ್ ಬಂದರು. ಇಂಥ ಜಾಗದಲ್ಲಿ ಸಾಕರ್ ಅಂದರೆ ಯಾರಿಗೆ ಬೇಕಿತ್ತು?

ಯೇಗ್ಲಿ ಅವರಿಗೆ ಮಾತ್ರ ಅದು ಹೊರಗಿನ ಆಟ ಆಗಿರಲಿಲ್ಲ. ಅವರು ಪೆನ್ಸಿಲ್ವೇನಿಯಾದ ಮಯರ್ಸ್‌ಟೌನ್ ಕಡೆಯವರು. ಆ ರಾಜ್ಯದ ಪೂರ್ವ ಭಾಗದ ಶಾಲೆಗಳಲ್ಲಿ ಆಗಲೇ ಸಾಕರ್ ಬೇರು ಬಿಟ್ಟಿತ್ತು. ಅವರು ಓದಿದ ವೆಸ್ಟ್ ಚೆಸ್ಟರ್ ಕಾಲೇಜು 1961ರಲ್ಲಿ ರಾಷ್ಟ್ರೀಯ ಚಾಂಪಿಯನ್. ಎನ್‌ಸಿಎಎ ಸಾಕರ್ ಟೂರ್ನಿ ಶುರುವಾದದ್ದೇ 1959ರಲ್ಲಿ. ಮೊದಲ ಎರಡು ವರ್ಷ ಗೆದ್ದದ್ದು ಸೇಂಟ್ ಲೂಯಿಸ್ ವಿಶ್ವವಿದ್ಯಾಲಯ. ಮೂರನೇ ವರ್ಷ ಅದೇ ಸೇಂಟ್ ಲೂಯಿಸ್ ತಂಡವನ್ನು ಫೈನಲ್‌ನಲ್ಲಿ ಸೋಲಿಸಿದ ವೆಸ್ಟ್ ಚೆಸ್ಟರ್ ತಂಡದಲ್ಲಿ ಯೇಗ್ಲಿ ಇದ್ದರು. ಅಂದರೆ ಗೆಲ್ಲುವ ತಂಡ ಹೇಗಿರುತ್ತದೆ ಅನ್ನುವುದನ್ನು ಒಳಗಿನಿಂದ ಕಂಡವರು ಅವರು.

ಸುಣ್ಣದ ಗೆರೆ, ಜೆರ್ಸಿಯ ಗಂಟು

ಆ ಹತ್ತು ವರ್ಷದಲ್ಲಿ ಮೈದಾನಕ್ಕೆ ಗೆರೆ ಎಳೆಯುವುದೂ ಕೋಚ್ ಕೆಲಸವೇ ಆಗಿತ್ತು. ತಂಡದ ಜೆರ್ಸಿಗಳನ್ನು ಒಗೆದುಕೊಟ್ಟವರು ಅವರ ಹೆಂಡತಿ ಮ್ಯಾರಿಲಿನ್. ಓದುವಾಗ ಇದು ಒಂದು ಸಾಲು. ಮಾಡುವಾಗ ಅರ್ಧ ದಿನದ ಕೆಲಸ.

ಸಾಕರ್ ಮೈದಾನಕ್ಕೆ ಗೆರೆ ಹಾಕಿದವರಿಗೆ ಗೊತ್ತು. ಎರಡು ಪಕ್ಕದಲ್ಲಿ ನೂರು ಗಜಕ್ಕೂ ಉದ್ದದ ಗೆರೆ. ಎರಡೂ ಗೋಲಿನ ಮುಂದೆ 18 ಗಜ ಆಳ, 44 ಗಜ ಅಗಲದ ಪೆನಾಲ್ಟಿ ಬಾಕ್ಸ್, ಅದರೊಳಗೆ ಇನ್ನೊಂದು ಚಿಕ್ಕ ಬಾಕ್ಸ್. ನಟ್ಟನಡುವೆ ಗೂಟ ಹೊಡೆದು, ಹತ್ತು ಗಜದ ದಾರ ಕಟ್ಟಿ, ಸುತ್ತ ನಡೆದು ವೃತ್ತ ಬರೆಯಬೇಕು. ಮೂಲೆ ಸ್ವಲ್ಪ ವಾಲಿದರೂ ಇಡೀ ಮೈದಾನ ಸೊಟ್ಟಗಾಗುತ್ತದೆ. ಒಂದು ಜೋರು ಮಳೆ ಬಂದರೆ ಮತ್ತೆ ಮೊದಲಿಂದ. ಇದೆಲ್ಲ ಮುಗಿದ ಮೇಲೆ ಹುಡುಗರಿಗೆ ಆಟ ಹೇಳಿಕೊಡುವುದು.

ಹತ್ತು ವರ್ಷ ವಾರ್ಸಿಟಿ ಸ್ಥಾನ ಸಿಗದಿದ್ದಕ್ಕೆ ಯಾರೋ ಒಬ್ಬರು ಕೆಟ್ಟವರು ಅಂತ ಹುಡುಕಬೇಕಾಗಿಲ್ಲ. ಲೆಕ್ಕ ನೋಡಿದರೆ ಕಾರಣ ಕಾಣುತ್ತದೆ. ಹಣ ತರುತ್ತಿದ್ದದ್ದು ಅಮೆರಿಕನ್ ಫುಟ್‌ಬಾಲ್ ಮತ್ತು ಬಾಸ್ಕೆಟ್‌ಬಾಲ್. ಸಾಕರ್ ಹಣ ತಿನ್ನುವ ಆಟ, ತರುವ ಆಟ ಅಲ್ಲ. ಇನ್ನೊಂದು ದೊಡ್ಡ ಅಡ್ಡಿ: ಇಂಡಿಯಾನಾ ಇದ್ದದ್ದು ಬಿಗ್ ಟೆನ್ ಅನ್ನುವ ವಿಶ್ವವಿದ್ಯಾಲಯಗಳ ಕೂಟದಲ್ಲಿ. ಆ ಕೂಟ ಪುರುಷರ ಸಾಕರ್ ಲೀಗ್ ಶುರು ಮಾಡಿದ್ದು 1991ರಲ್ಲಿ! ಅಷ್ಟು ಹೊತ್ತಿಗೆ ಯೇಗ್ಲಿ ಮೂರು ಸಲ ರಾಷ್ಟ್ರೀಯ ಕಪ್ ಗೆದ್ದಾಗಿತ್ತು. 1960ರ ದಶಕದಲ್ಲಿ ಆಡಲು ಲೀಗೇ ಇಲ್ಲದ ಆಟಕ್ಕೆ ದುಡ್ಡು ಕೊಡಿ ಅಂತ ಕೇಳುವುದು ಎಷ್ಟು ಕಷ್ಟ ಇದ್ದಿರಬೇಕು, ಯೋಚಿಸಿ.

1973ರಲ್ಲಿ ಕೊನೆಗೂ ಸಾಕರ್ ವಾರ್ಸಿಟಿ ಆಯಿತು. ಮರುವರ್ಷವೇ ತಂಡ ಎನ್‌ಸಿಎಎ ಟೂರ್ನಿಯಲ್ಲಿತ್ತು. 1976ರಲ್ಲಿ ಫೈನಲ್. ನಾಲ್ಕನೇ ಅಧಿಕೃತ ಸೀಸನ್‌ಗೇ ಫೈನಲ್ ಅಂದರೆ ಹೊರಗಿನವರಿಗೆ ಪವಾಡದ ಹಾಗೆ ಕಾಣುತ್ತದೆ. ಅದಕ್ಕೇ ನಾನು ಹತ್ತು ವರ್ಷದ ಮಾತು ಎತ್ತಿದ್ದು. ಕೋಚ್, ಆಟದ ರೀತಿ, ಎದುರಾಳಿಗಳ ಪರಿಚಯ, ಹುಡುಗರನ್ನು ಕಳಿಸಿಕೊಡುವ ಶಾಲಾ ಕೋಚ್‌ಗಳ ಸ್ನೇಹ, ಇದೆಲ್ಲ ಬಜೆಟ್ ಬರುವ ಮೊದಲೇ ಬೆಳೆದು ನಿಂತಿತ್ತು. ದುಡ್ಡು ಬಂದ ದಿನ ಕೆಲಸ ಶುರುವಾಗಲಿಲ್ಲ. ಶುರುವಾಗಿದ್ದ ಕೆಲಸಕ್ಕೆ ದುಡ್ಡು ಬಂತು, ಅಷ್ಟೆ.

ಒಂದೇ ತಂಡದ ಎದುರು ಮೂರು ಸೋಲು

1976ರ ಫೈನಲ್‌ನಲ್ಲಿ ಯೂನಿವರ್ಸಿಟಿ ಆಫ್ ಸ್ಯಾನ್ ಫ್ರಾನ್ಸಿಸ್ಕೊ ಎದುರು 0–1. 1978ರಲ್ಲಿ ಮತ್ತೆ ಅವರ ಎದುರೇ 0–2. 1980ರಲ್ಲಿ ಮತ್ತೂ ಅವರೇ, ಈ ಸಲ ಹೆಚ್ಚುವರಿ ಅವಧಿಯಲ್ಲಿ 3–4. ಸ್ಟೀವ್ ನೆಗೊಯೆಸ್ಕೊ ತರಬೇತಿಯ ಆ ತಂಡದಲ್ಲಿ ಬೇರೆ ಬೇರೆ ದೇಶದ ಆಟಗಾರರು ತುಂಬಿದ್ದರು. 1978ರ ಅವರ ಪ್ರಶಸ್ತಿಯನ್ನು ಎನ್‌ಸಿಎಎ ಆಮೇಲೆ ರದ್ದು ಮಾಡಿತು. ಆಡುವ ಅರ್ಹತೆ ಇಲ್ಲದ ಆಟಗಾರನನ್ನು ಇಳಿಸಿದ್ದಕ್ಕೆ. ಆದರೆ ರದ್ದಾದ ಕಪ್ ಎರಡನೇ ಸ್ಥಾನದವರಿಗೆ ಬರಲಿಲ್ಲ. ಆ ವರ್ಷದ ಜಾಗ ದಾಖಲೆಯಲ್ಲಿ ಖಾಲಿಯೇ ಉಳಿದಿದೆ.

ಐದು ವರ್ಷದಲ್ಲಿ ಮೂರು ಸಲ ಬಾಗಿಲವರೆಗೆ ಹೋಗಿ ವಾಪಸ್ ಬಂದ ಕೋಚ್ ಬಗ್ಗೆ ಜನ ಏನು ಮಾತಾಡುತ್ತಾರೆ ಅಂತ ನಮಗೆಲ್ಲ ಗೊತ್ತು. ಫೈನಲ್ ಗೆಲ್ಲೋಕೆ ಬರಲ್ಲ ಅನ್ನುತ್ತಾರೆ. ಅಂಥ ಹೊತ್ತಿನಲ್ಲಿ ಎಲ್ಲ ಬದಲಿಸಿಬಿಡೋಣ ಅನ್ನುವ ಆಸೆ ಯಾರಿಗೂ ಬರುತ್ತದೆ. ಯೇಗ್ಲಿ ತಂಡ 1982ರಲ್ಲಿ ಮತ್ತೆ ಅದೇ ಬಾಗಿಲ ಮುಂದೆ ನಿಂತಿತ್ತು.

ಫೋರ್ಟ್ ಲಾಡರ್‌ಡೇಲ್, 1982

ಎದುರಾಳಿ ಡ್ಯೂಕ್. ಜಾಗ ಫ್ಲಾರಿಡಾದ ಫೋರ್ಟ್ ಲಾಡರ್‌ಡೇಲ್. ಇಂಡಿಯಾನಾ ಪರ ಮೊದಲ ಗೋಲು ಗ್ರೆಗ್ ಥಾಂಪ್ಸನ್ ಅವರದು. ಡ್ಯೂಕ್ ಸಮ ಮಾಡಿತು. 90 ನಿಮಿಷ ಮುಗಿದಾಗ 1–1.

ಆಮೇಲೆ ಹೆಚ್ಚುವರಿ ಅವಧಿ. ಒಂದು ಮುಗಿಯಿತು, ಎರಡು ಮುಗಿಯಿತು, ಗೋಲಿಲ್ಲ. ಮೂರು, ನಾಲ್ಕು, ಐದು. ಆರು, ಏಳು. ಇಂಥ ಆಟದಲ್ಲಿ ತಂತ್ರ ಹಿಂದೆ ಬೀಳುತ್ತದೆ. ಕಾಲು ಹಿಡಿದುಕೊಳ್ಳುತ್ತದೆ, ಬಾಯಿ ಒಣಗುತ್ತದೆ, ನೇರ ಪಾಸ್ ಕೂಡ ಎರಡು ಅಡಿ ಆಚೆ ಹೋಗುತ್ತದೆ. ಎಂಟನೇ ಹೆಚ್ಚುವರಿ ಅವಧಿಯಲ್ಲಿ ಇಂಡಿಯಾನಾಕ್ಕೆ ಒಂದು ಫ್ರೀ ಕಿಕ್ ಸಿಕ್ಕಿತು. ಹೊಡೆದವರು ಮತ್ತೆ ಥಾಂಪ್ಸನ್. ಚೆಂಡು ಬಲೆಯೊಳಗೆ. 2–1. ಇಂಡಿಯಾನಾದ ಮೊದಲ ಕಪ್.

ಎರಡೂ ಗೋಲು ಹೊಡೆದ ಥಾಂಪ್ಸನ್ ಡಿಫೆಂಡರ್ ಆಗಿದ್ದವರು ಅನ್ನುವುದನ್ನು ಗಮನಿಸಿ. ಹಿಂದಿನ ವರ್ಷ, ಅಂದರೆ 1981ರಲ್ಲಿ, ದೇಶದ ಅತ್ಯುತ್ತಮ ಕಾಲೇಜು ಆಟಗಾರನಿಗೆ ಕೊಡುವ ಹರ್ಮನ್ ಟ್ರೋಫಿ ಇಂಡಿಯಾನಾದ ಅರ್ಮಾಂಡೊ ಬೆಟಂಕೂರ್ ಅವರಿಗೆ ಸಿಕ್ಕಿತ್ತು. ಹೊಂಡುರಾಸ್ ದೇಶದವರು, 1982ರ ವಿಶ್ವಕಪ್‌ಗೆ ಹೋದ ತಂಡದಲ್ಲೂ ಇದ್ದವರು. ಅಂಥ ತಾರೆ ತಂಡ ಬಿಟ್ಟು ಹೋದ ಮೇಲಿನ ವರ್ಷ ತಂಡ ಕಪ್ ಗೆದ್ದಿತು!

ಇದನ್ನು ಆಕಸ್ಮಿಕ ಅಂತ ಬಿಟ್ಟುಬಿಡಬಹುದಿತ್ತು. ಆದರೆ ಪಟ್ಟಿ ಪೂರ್ತಿ ಇಟ್ಟು ನೋಡಿದೆ. ಯೇಗ್ಲಿ ಕಾಲದಲ್ಲಿ ಇಂಡಿಯಾನಾ ಹುಡುಗರಿಗೆ ಹರ್ಮನ್ ಟ್ರೋಫಿ ಬಂದದ್ದು 1978ರಲ್ಲಿ, ಶಿಕಾಗೊ ಕಡೆ ಬೆಳೆದ ಏಂಜೆಲೊ ಡಿಬರ್ನಾರ್ಡೊ ಅವರಿಗೆ. ಆ ವರ್ಷ ತಂಡ ಫೈನಲ್ ಸೋತಿತು. 1981ರಲ್ಲಿ ಬೆಟಂಕೂರ್, ಕಪ್ ಇಲ್ಲ. 1988ರಲ್ಲಿ ಕೆನ್ ಸ್ನೋ, ಕಪ್ ಬಂತು. 1990ರಲ್ಲಿ ಮತ್ತೆ ಸ್ನೋ, ಕಪ್ ಇಲ್ಲ. 1994ರಲ್ಲಿ ಬ್ರಯನ್ ಮೇಸನೂವ್, ಫೈನಲ್ ಸೋಲು. ಐದು ಸಲದಲ್ಲಿ ಒಂದೇ ಸಲ ತಾರೆ ಮತ್ತು ಕಪ್ ಒಂದೇ ವರ್ಷ ಸೇರಿದವು. ದೊಡ್ಡ ಆಟಗಾರರು ಬೇಡ ಅಂತ ನಾನು ಹೇಳುತ್ತಿಲ್ಲ. ಅವರಿಂದಲೇ ತಂಡದ ಹೆಸರು ಹರಡಿತು, ಒಳ್ಳೆಯ ಹುಡುಗರು ಹುಡುಕಿಕೊಂಡು ಬಂದರು. ಆದರೆ ಯೇಗ್ಲಿ ಗೆಲುವುಗಳನ್ನು ಒಬ್ಬ ತಾರೆಯ ಲೆಕ್ಕಕ್ಕೆ ಹಾಕಲು ಹೋದರೆ ತಾಳೆಯಾಗುವುದಿಲ್ಲ.

1983ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯವನ್ನು ಹೆಚ್ಚುವರಿ ಅವಧಿಯಲ್ಲಿ 1–0ಯಿಂದ ಸೋಲಿಸಿ ಸತತ ಎರಡನೇ ಕಪ್. 1984ರಲ್ಲಿ ಮೂರನೆಯದನ್ನು ಕ್ಲೆಮ್ಸನ್ ತಪ್ಪಿಸಿತು, 2–1. 1988ರ ಫೈನಲ್ ನಡೆದದ್ದು ಬ್ಲೂಮಿಂಗ್ಟನ್‌ನಲ್ಲೇ, ಬಿಲ್ ಆರ್ಮ್‌ಸ್ಟ್ರಾಂಗ್ ಸ್ಟೇಡಿಯಂನಲ್ಲಿ. ಹೊವರ್ಡ್ ವಿಶ್ವವಿದ್ಯಾಲಯದ ಎದುರು 1–0. ಈ ಸ್ಟೇಡಿಯಂ 1981ರಲ್ಲಿ ಕಟ್ಟಿದ್ದು. ಸಾಕರ್ ಜೊತೆಗೆ ಲಿಟಲ್ 500 ಅನ್ನುವ ವಿದ್ಯಾರ್ಥಿಗಳ ಸೈಕಲ್ ರೇಸ್ ಕೂಡ ಅಲ್ಲೇ ನಡೆಯುತ್ತದೆ. ಅದಕ್ಕೇ ಮೈದಾನದ ಸುತ್ತ ಸೈಕಲ್ ಟ್ರ್ಯಾಕ್ ಇದೆ. ಗೆರೆಯನ್ನು ತಾವೇ ಎಳೆಯುತ್ತಿದ್ದ ಕೋಚ್‌ಗೆ ಅಂಥ ಸ್ಟೇಡಿಯಂ ಸಿಕ್ಕಿತು, ರಾಷ್ಟ್ರೀಯ ಫೈನಲ್ ಅವರ ಊರಿಗೇ ಬಂತು. ಈಗ ಆ ಮೈದಾನಕ್ಕೆ ಅವರದೇ ಹೆಸರು.

ಹನ್ನೆರಡರಲ್ಲಿ ಆರು

ಎಲ್ಲರೂ ಆರು ಕಪ್ ಎಣಿಸುತ್ತಾರೆ. ನಾನು ಫೈನಲ್‌ಗಳನ್ನು ಎಣಿಸಿದೆ. 1976, 1978, 1980, 1982, 1983, 1984, 1988, 1994, 1998, 1999, 2001, 2003. ಹನ್ನೆರಡು. ಗೆದ್ದದ್ದು ಆರು, ಸೋತದ್ದು ಆರು. ಇನ್ನೂ ಒಂದು ಹೆಜ್ಜೆ ಮುಂದೆ ಹೋಗಿ: ಈ ಹನ್ನೆರಡರಲ್ಲಿ ಒಂಬತ್ತು ಪಂದ್ಯಗಳು ಒಂದೇ ಗೋಲಿನ ಅಂತರದಲ್ಲಿ ಮುಗಿದವು.

ಅಂದರೆ ಫೈನಲ್ ದಿನ ಯೇಗ್ಲಿ ತಂಡಕ್ಕೆ ವಿಶೇಷ ಮಂತ್ರ ಏನೂ ಇರಲಿಲ್ಲ. ಸಾಕರ್ ಕಡಿಮೆ ಗೋಲಿನ ಆಟ. ಕಂಬಕ್ಕೆ ಬಡಿದ ಒಂದು ಚೆಂಡು, ಜಾರಿದ ಒಂದು ಕಾಲು ವರ್ಷದ ಲೆಕ್ಕವನ್ನೇ ತಿರುಗಿಸುತ್ತದೆ. ಎರಡು ಒಳ್ಳೆಯ ತಂಡ ಎದುರಾದರೆ ಅರ್ಧ ಗೆಲುವು, ಅರ್ಧ ಸೋಲು ಅನ್ನುವುದೇ ನ್ಯಾಯವಾದ ಫಲ. ಅವರು ಉಳಿದವರಿಗಿಂತ ಬೇರೆಯಾಗಿದ್ದು ಆ ದಿನದವರೆಗೆ ಬರುವುದರಲ್ಲಿ. 31 ವರ್ಷದಲ್ಲಿ 16 ಸಲ ಕೊನೆಯ ನಾಲ್ಕು ತಂಡಗಳಲ್ಲಿ ಇಂಡಿಯಾನಾ ಇತ್ತು. ಸುಮಾರು ಎರಡು ವರ್ಷಕ್ಕೊಮ್ಮೆ!

ಕಾಲೇಜು ತಂಡದಲ್ಲಿ ಇದು ಎಷ್ಟು ಕಷ್ಟ ಅಂತ ಯೋಚಿಸಿ. ಒಬ್ಬ ಹುಡುಗ ಹೆಚ್ಚೆಂದರೆ ನಾಲ್ಕು ಸೀಸನ್ ಆಡುತ್ತಾನೆ. ನಾಲ್ಕು ವರ್ಷಕ್ಕೊಮ್ಮೆ ಇಡೀ ತಂಡ ಬದಲಾಗಿರುತ್ತದೆ. ಸೀಸನ್ ನಡೆಯುವುದು ಆಗಸ್ಟ್ ಕೊನೆಯಿಂದ ಡಿಸೆಂಬರ್‌ವರೆಗೆ ಮಾತ್ರ. ಪುರುಷರ ಸಾಕರ್ ತಂಡಕ್ಕೆ ಬಹಳ ಕಾಲ ಎನ್‌ಸಿಎಎ ಇಟ್ಟಿದ್ದ ಮಿತಿ 9.9 ಪೂರ್ಣ ವಿದ್ಯಾರ್ಥಿವೇತನ. ಅಷ್ಟನ್ನು ಇಪ್ಪತ್ತಕ್ಕೂ ಜಾಸ್ತಿ ಹುಡುಗರಿಗೆ ಹಂಚಬೇಕು. ಅಮೆರಿಕದಲ್ಲಿರುವ ನಮ್ಮ ಕನ್ನಡದ ಅಪ್ಪ–ಅಮ್ಮಂದಿರು ಶನಿವಾರ ಬೆಳಿಗ್ಗೆ ಮಕ್ಕಳನ್ನು ಸಾಕರ್‌ಗೆ ಕರೆದುಕೊಂಡು ಹೋಗುವಾಗ ಸ್ಕಾಲರ್‌ಶಿಪ್ ಮಾತು ಬಂದೇ ಬರುತ್ತದೆ. ಪೂರ್ತಿ ಶುಲ್ಕ ಮಾಫಿ ಆದ ಹುಡುಗರು ಈ ಆಟದಲ್ಲಿ ಯಾವತ್ತೂ ಕಡಿಮೆ ಅನ್ನುವುದು ಅವರಿಗೆ ತಿಳಿದಿರಲಿ. ಯೇಗ್ಲಿ ಅಂಥವರು ಅರ್ಧ, ಕಾಲು ಭಾಗದ ನೆರವಿನಲ್ಲೇ ತಂಡ ಕಟ್ಟಿದರು. ಮನೆಯವರು ಉಳಿದ ದುಡ್ಡು ಕೊಟ್ಟು ಮಗನನ್ನು ಕಳಿಸಬೇಕಾದರೆ ಕೋಚ್ ಮೇಲೆ ಗಟ್ಟಿ ನಂಬಿಕೆ ಇರಲೇಬೇಕು.

1997ರ ಏಟು

1997ರ ತಂಡವನ್ನು ಇಂಡಿಯಾನಾದ ಹಳಬರು ಈಗಲೂ ನೆನೆಯುತ್ತಾರೆ. 23 ಪಂದ್ಯ, 23 ಗೆಲುವು. ಸೆಮಿಫೈನಲ್‌ನಲ್ಲಿ ಯುಸಿಎಲ್ಎ ಎದುರು ಮೂರನೇ ಹೆಚ್ಚುವರಿ ಅವಧಿಯಲ್ಲಿ 0–1. ಅಲ್ಲಿಗೆ ಮುಗಿಯಿತು.

ಇದರ ಮುಂದಿನ ಎರಡು ವರ್ಷ ನೋಡಿ. 1998ರಲ್ಲಿ ಸ್ಟ್ಯಾನ್‌ಫರ್ಡ್ ಎದುರು 3–1, ಕಪ್. 1999ರಲ್ಲಿ ಸಾಂಟಾ ಕ್ಲಾರಾ ಎದುರು 1–0, ಕಪ್. ಗೋಲು ಹೊಡೆದವರು ಉಕ್ರೇನ್‌ನಿಂದ ಬಂದಿದ್ದ ಯೂರಿ ಲಾವ್ರಿನೆಂಕೊ. ಆ ಹೊತ್ತಿಗೆ ಎಂಎಲ್ಎಸ್ ವೃತ್ತಿಪರ ಲೀಗ್ ಶುರುವಾಗಿ ಮೂರು ವರ್ಷ ಆಗಿತ್ತು, ಒಳ್ಳೆಯ ಹುಡುಗರು ಪದವಿ ಮುಗಿಯುವ ಮೊದಲೇ ಅತ್ತ ಹೋಗತೊಡಗಿದ್ದರು. 1998ರ ತಂಡದ ಡೆಮಾ ಕೊವಲೆಂಕೊ ಹಾಗೆ ಹೋದವರೇ. ಅವರಿಲ್ಲದೆಯೂ 1999ರ ಕಪ್ ಬಂತು.

1994ರ ಬಗ್ಗೆ ಒಂದು ಮಾತು ಹೇಳಲೇಬೇಕು. ಆ ತಂಡದಲ್ಲಿ ಯೇಗ್ಲಿ ಅವರ ಮಗ ಟಾಡ್ ಕೊನೆಯ ವರ್ಷದ ಆಟಗಾರ. ಫೈನಲ್‌ನಲ್ಲಿ ಬ್ರೂಸ್ ಅರೀನಾ ಅವರ ವರ್ಜೀನಿಯಾ ಎದುರಿಗೆ ಬಂತು. ಅದಕ್ಕೆ ಹಿಂದಿನ ಮೂರು ವರ್ಷವೂ ಕಪ್ ಅವರದೇ. ಇಂಡಿಯಾನಾ 0–1ರಿಂದ ಸೋತಿತು. ಅಪ್ಪನ ಕೈಕೆಳಗೆ ನಾಲ್ಕು ವರ್ಷ ಆಡಿದ ಹುಡುಗ ಕಪ್ ಇಲ್ಲದೆ ಕಾಲೇಜು ಬಿಟ್ಟ. ಮಗ ತಂಡದಲ್ಲಿದ್ದಾಗ ಕೋಚ್ ಆಗಿರುವ ಅಪ್ಪನ ಪಾಡು ಸುಲಭದ್ದಲ್ಲ. ಆಡಿಸಿದರೂ ಮಾತು, ಕೂರಿಸಿದರೂ ಮಾತು.

ಕೊನೆಯ ಸೀಸನ್

2003 ತಮ್ಮ ಕೊನೆಯ ಸೀಸನ್ ಅಂತ ಯೇಗ್ಲಿ ಮೊದಲೇ ಹೇಳಿಬಿಟ್ಟಿದ್ದರು. ತಂಡ ಶುರುವಿನಲ್ಲೇ ಎಡವಿತು, ಸೋಲುಗಳು ಬಂದವು. ಬೀಳ್ಕೊಡುಗೆ ವರ್ಷ ಹಾಳಾಯಿತು ಅನ್ನುವಷ್ಟರಲ್ಲಿ ಹುಡುಗರು ಸೋಲುವುದನ್ನೇ ನಿಲ್ಲಿಸಿದರು. ಸೀಸನ್ ಮುಗಿದಾಗ ಲೆಕ್ಕ 17 ಗೆಲುವು, 3 ಸೋಲು, 5 ಡ್ರಾ.

ಡಿಸೆಂಬರ್ 14ರಂದು ಒಹಾಯೊದ ಕೊಲಂಬಸ್‌ನಲ್ಲಿ ಫೈನಲ್. ಮೈ ಕೊರೆಯುವ ಚಳಿ, ಹಿಮ. ಸೇಂಟ್ ಜಾನ್ಸ್ ಎದುರು 2–1. ನೆಡ್ ಗ್ರಾಬವಾಯ್ ಒಂದು, ಜೇಕಬ್ ಪೀಟರ್‌ಸನ್ ಒಂದು. ಅದೇ ಕೊಲಂಬಸ್‌ನ ಎಂಎಲ್ಎಸ್ ತಂಡಕ್ಕೆ ಆಡಿ ನಿವೃತ್ತಿಯಾಗಿದ್ದ ಟಾಡ್ ಆ ವರ್ಷ ಅಪ್ಪನ ಜೊತೆ ಸಹಾಯಕ ಕೋಚ್. ಆಟಗಾರನಾಗಿ ಸಿಗದ ಕಪ್ ಅವರಿಗೆ ಅಲ್ಲಿ ಸಿಕ್ಕಿತು. ಯೇಗ್ಲಿ ಗೆದ್ದೇ ಎದ್ದು ಹೋದರು.

ಅವರು ಹೋದ ಮೇಲೆ

ಹೆಸರಾಂತ ಕೋಚ್ ಹೋದ ಮೇಲೆ ತಂಡ ಕುಸಿಯುವುದು ಮಾಮೂಲು. ಇಲ್ಲಿ ಮರುವರ್ಷವೇ, 2004ರಲ್ಲಿ, ಇಂಡಿಯಾನಾ ಮತ್ತೆ ಚಾಂಪಿಯನ್. ಕೋಚ್ ಮೈಕ್ ಫ್ರೈಟ್ಯಾಗ್, ಯೇಗ್ಲಿ ಕೈಕೆಳಗೆ ಆಡಿ, ಆಮೇಲೆ ಅವರ ಸಹಾಯಕರಾಗಿದ್ದವರು. ಯುಸಿ ಸಾಂಟಾ ಬಾರ್ಬರಾ ಎದುರಿನ ಆ ಫೈನಲ್ ಪೆನಾಲ್ಟಿಗೆ ಹೋಗಿತ್ತು.

1997ರ ಆ ಸೋಲಿನ ತಂಡದಲ್ಲಿ ಕ್ಯಾಲೆಬ್ ಪೋರ್ಟರ್ ಇದ್ದರು. 2010ರಲ್ಲಿ ಅವರು ಆಕ್ರನ್ ವಿಶ್ವವಿದ್ಯಾಲಯಕ್ಕೆ ಕಾಲೇಜು ಕಪ್ ತಂದರು. ಆಮೇಲೆ 2015ರಲ್ಲಿ ಪೋರ್ಟ್‌ಲ್ಯಾಂಡ್ ಜೊತೆ, 2020ರಲ್ಲಿ ಕೊಲಂಬಸ್ ಜೊತೆ ಎಂಎಲ್ಎಸ್ ಕಪ್ ಗೆದ್ದರು. ಇನ್ನೊಬ್ಬ ಹಳೆಯ ಆಟಗಾರ ಪ್ಯಾಟ್ ನೂನನ್ ಸಿನ್ಸಿನ್ಯಾಟಿ ಎಂಎಲ್ಎಸ್ ತಂಡದ ಕೋಚ್ ಆದರು.

ಟಾಡ್ ಒಂದು ವರ್ಷ ವಿಸ್ಕಾನ್ಸಿನ್‌ನಲ್ಲಿ ಕೋಚ್ ಆಗಿದ್ದು 2010ರಲ್ಲಿ ಇಂಡಿಯಾನಾಕ್ಕೆ ಮುಖ್ಯ ಕೋಚ್ ಆಗಿ ಬಂದರು. 2012ರಲ್ಲಿ ಜಾರ್ಜ್‌ಟೌನ್ ಎದುರು 1–0, ಇಂಡಿಯಾನಾದ ಎಂಟನೇ ಕಪ್. ಅದಾದ ಮೇಲೆ ಮೂರು ಫೈನಲ್ ಸೋಲು. 2017ರಲ್ಲಿ ಸ್ಟ್ಯಾನ್‌ಫರ್ಡ್ ಎದುರು ಹೆಚ್ಚುವರಿ ಅವಧಿಯಲ್ಲಿ. ಕೋವಿಡ್‌ನಿಂದ 2021ರ ವಸಂತಕ್ಕೆ ಮುಂದೆ ಹೋದ 2020ರ ಸೀಸನ್‌ನಲ್ಲಿ ಮಾರ್ಷಲ್ ಎದುರು, ಅದೂ ಹೆಚ್ಚುವರಿ ಅವಧಿಯಲ್ಲಿ. 2022ರಲ್ಲಿ ಸಿರಾಕ್ಯೂಸ್ ಎದುರು ಪೆನಾಲ್ಟಿಯಲ್ಲಿ.

ಟಾಡ್ ಅವರನ್ನು ಈ ಮೂರು ಸೋಲಿನಿಂದ ಅಳೆಯುವವರು ಇದ್ದಾರೆ. ಅಪ್ಪನಿಗೆ ಹೋಲಿಸಿ ಮಗನನ್ನು ಕೆಳಗೆ ಇಡುವುದು ಸುಲಭ. ಆದರೆ ಅಪ್ಪನ ಮೊದಲ ಮೂರು ಫೈನಲ್‌ಗಳೂ ಸೋಲೇ. ಅಪ್ಪನಿಗೆ ಇಲ್ಲದ ಕಷ್ಟಗಳೂ ಮಗನಿಗೆ ಇವೆ. ಈಗ ಆಟಗಾರರು ಒಂದು ವಿಶ್ವವಿದ್ಯಾಲಯ ಬಿಟ್ಟು ಇನ್ನೊಂದಕ್ಕೆ ಹೋಗುವುದು ಮೊದಲಿಗಿಂತ ಬಹಳ ಸಲೀಸು. ವೃತ್ತಿಪರ ಕ್ಲಬ್‌ಗಳ ಅಕಾಡೆಮಿಗಳು ಹದಿನೈದು–ಹದಿನಾರರ ಹುಡುಗರನ್ನೇ ಸೇರಿಸಿಕೊಳ್ಳುತ್ತವೆ. ಒಬ್ಬ ಹುಡುಗ ನಾಲ್ಕು ವರ್ಷ ಒಂದೇ ಕಡೆ ನಿಂತು ಬೆಳೆಯುತ್ತಾನೆ ಅನ್ನುವ ಲೆಕ್ಕದ ಮೇಲೆ ಯೇಗ್ಲಿ ತಂಡ ನಿಂತಿತ್ತು. ಹತ್ತು ವರ್ಷ ಕ್ಲಬ್ ನಡೆಸಿಕೊಂಡು ಕಾಯಲು ಇಂದಿನ ಕೋಚ್‌ಗೆ ಯಾವ ವಿಶ್ವವಿದ್ಯಾಲಯವೂ ಬಿಡುವುದಿಲ್ಲ, ಎರಡು ಕೆಟ್ಟ ಸೀಸನ್ ಬಂದರೆ ಮಾತು ಶುರುವಾಗುತ್ತದೆ. ಅಂಥ ಕಾಲದಲ್ಲೂ ಐದಾರು ವರ್ಷದಲ್ಲಿ ಮೂರು ಸಲ ಫೈನಲ್‌ಗೆ ತಂಡ ತಂದ ಮಗನ ಕೆಲಸವನ್ನು ನಾನು ಚಿಕ್ಕದು ಅನ್ನಲಾರೆ.